ಬೇಟೆಬಾಣದ ಕಿರುವ್ಯಾಸದ ದಂಡ: ಬಾಳಿಕೆ ಮತ್ತು ಆಯ್ಕೆಯ ವಿಚಾರ

ಸಂಸ್ಕೃತದ ‘ಶರ’ ಎಂಬ ಪದಕ್ಕೆ ಬಾಣವೆಂಬ ಅರ್ಥವಿರುವಂತೆ ಜೊಂಡುಹುಲ್ಲೆಂಬ ಅರ್ಥವೂ ಉಂಟು. ಕನ್ನಡದ ‘ಕಣೆ’ ಬಾಣವನ್ನೂ ಕೋಲನ್ನೂ ಸೂಚಿಸುತ್ತದೆ. ಬಾಣವೆಂದರೆ ಪ್ರಧಾನವಾಗಿ ಅದರ ದಂಡವೇ ಎಂಬ ತಿಳಿವಳಿಕೆ ಈ ಪದಗಳಲ್ಲಿ ಅಡಗಿದೆ. ಗಾಯವನ್ನು ಮಾಡುವುದು ಮೊನೆ, ದಾರಿ ತಪ್ಪದಂತೆ ಕಾಯುವುದು ಗರಿ. ಆದರೆ ಬಿಲ್ಲಿನ ಶಕ್ತಿಯನ್ನು ಹೊತ್ತು ಸಾಗುವುದು ದಂಡ. ಈ ದಂಡವನ್ನು ಆದಷ್ಟು ಸಪೂರವಾಗಿಸುವ ಪ್ರವೃತ್ತಿಯು ಇತ್ತೀಚಿನ ದಶಕಗಳಲ್ಲಿ ಉತ್ತರ ಅಮೆರಿಕದ ಬಿಲ್ಲುಬೇಟೆಯಲ್ಲಿ ಎದ್ದು ಕಾಣುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನ್ವಯ ವಿನೋದದ ಬೇಟೆಗೆ ಎಡೆಯಿಲ್ಲ. ಅಲ್ಲಿಯಾದರೋ ಎಲ್ಕ್, ಮೂಸ್, ಕರಡಿ ಮೊದಲಾದ ದೊಡ್ಡ ಪ್ರಾಣಿಗಳನ್ನು ಪರವಾನಗಿ ಪಡೆದು ಗೊತ್ತಾದ ಋತುವಿನಲ್ಲಿ ಬಿಲ್ಲಿನಿಂದ ಬೇಟೆಯಾಡುವ ಪದ್ಧತಿ ಜೀವಂತವಾಗಿದೆ.

ಬಾಣವು ಕೊಲ್ಲುವ ಬಗೆ ಗುಂಡಿನದಕ್ಕಿಂತ ಭಿನ್ನವಾದುದು. ಆಘಾತದಿಂದಲ್ಲ, ರಕ್ತನಾಳಗಳನ್ನೂ ಶ್ವಾಸಕೋಶವನ್ನೂ ಕತ್ತರಿಸುವುದರಿಂದ ಅದು ಪ್ರಾಣವನ್ನು ತೆಗೆಯುತ್ತದೆ. ಬಾಣ ಎದೆಗೂಡನ್ನು ಹಾದು ಆಚೆ ಬದಿಗೆ ಹೊರಬಿದ್ದರೆ ಸಾವು ಬೇಗ ಬರುತ್ತದೆ. ನೆತ್ತರ ಜಾಡು ಹಿಡಿದು ಪ್ರಾಣಿಯನ್ನು ಪತ್ತೆಮಾಡುವುದೂ ಸುಲಭ. ದಂಡ ಪಕ್ಕೆಲುಬಿಗೆ ತಾಗಿ ಮುರಿದರೆ ಪ್ರಾಣಿ ಗಾಯದೊಡನೆ ಕಾಡು ಸೇರಿ, ಯಾರಿಗೂ ಸಿಗದೆ ನರಳಿ ಸಾಯುವ ಸಂಭವವುಂಟು. ದಂಡದ ಆಯ್ಕೆ ಕೇವಲ ಸಲಕರಣೆಯ ಪ್ರಶ್ನೆಯಾಗಿ ಉಳಿಯದೆ ನೀತಿಯ ಪ್ರಶ್ನೆಯೂ ಆಗುವುದು ಈ ಕಾರಣದಿಂದ.

ದಂಡದ ಮುಂಭಾಗವನ್ನು ಬಲಪಡಿಸಬೇಕೆಂಬ ಅರಿವು ಹೊಸದಲ್ಲ. ಕ್ಯಾಲಿಫೋರ್ನಿಯದ ಯಾಹಿ ಜನಾಂಗದ ಕೊನೆಯವನೆಂದು ಹೆಸರಾದ ಇಶಿ 1911ರಲ್ಲಿ ಹೊರಜಗತ್ತಿಗೆ ಕಾಣಿಸಿಕೊಂಡು, 1916ರಲ್ಲಿ ತೀರಿಕೊಂಡನು. ಅವನಿಂದ ಬಿಲ್ಲುವಿದ್ಯೆಯನ್ನು ಕಲಿತ ವೈದ್ಯ ಸ್ಯಾಕ್ಸ್ಟನ್ ಪೋಪ್ ಅವನ ಬಾಣಗಳ ರಚನೆಯನ್ನು ದಾಖಲಿಸಿದ್ದಾರೆ. ಹೇಜಲ್ ಮರದ ದಂಡದ ತುದಿಯಲ್ಲಿ ರಂಧ್ರ ಕೊರೆದು, ಹೆಚ್ಚು ತೂಕದ ಬೇರೊಂದು ಮರದ ಮುಂಗೋಲನ್ನು ಅದರಲ್ಲಿ ಕೂರಿಸಿ, ಕೀಲನ್ನು ಪ್ರಾಣಿಯ ನರದಿಂದ ಬಿಗಿದು ಸುತ್ತುವುದು ಇಶಿಯ ಕ್ರಮವಾಗಿತ್ತು. ದಂಡ ಸೀಳದಂತೆ ತಡೆಯುವುದೇ ಈ ಸುತ್ತಿನ ಕೆಲಸ. 1922ರಲ್ಲಿ ಮರದ ಬಾಣಗಳ ತಯಾರಿಕೆಯನ್ನು ಆರಂಭಿಸಿದ ಡಗ್ ಈಸ್ಟನ್ ಮುಂದೆ ಅಲ್ಯೂಮಿನಿಯಂ ಕೊಳವೆಗಳತ್ತ ಹೊರಳಿದರು. 1969ರಲ್ಲಿ ಹಾಲೆಸ್ ವಿಲ್ಬರ್ ಅಲೆನ್ ಅವರ ಕಾಂಪೌಂಡ್ ಬಿಲ್ಲಿಗೆ ಪೇಟೆಂಟ್ ದೊರೆಯಿತು. ಬಿಲ್ಲುಗಳ ಬಲ ಹೆಚ್ಚಿದಂತೆ ದಂಡವೂ ಬಿಗಿಯಾಗಬೇಕಾಯಿತು. ಅನಂತರ ಬಂದ ಕಾರ್ಬನ್ ನಾರಿನ ಕೊಳವೆ ಬಿಗಿ ಮತ್ತು ಹಗುರತನ ಎರಡನ್ನೂ ಒದಗಿಸಿತು.

ಇಂದಿನ ಕಾರ್ಬನ್ ದಂಡಗಳನ್ನು ಸಾಮಾನ್ಯವಾಗಿ ಒಳವ್ಯಾಸದಿಂದ ಗುರುತಿಸಲಾಗುತ್ತದೆ. 0.246 ಅಂಗುಲ, ಅಂದರೆ ಸುಮಾರು 6.2 ಮಿ.ಮೀ. ಒಳವ್ಯಾಸದ್ದು ಸಾಧಾರಣ ದಂಡ, 0.204 ಅಂಗುಲದ್ದು, ಅಂದರೆ 5.2 ಮಿ.ಮೀ.ನದು ಸಪೂರ ದಂಡ, 0.166 ಅಂಗುಲದ್ದು, ಅಂದರೆ 4.2 ಮಿ.ಮೀ.ನದು ಅತಿಸಪೂರ ಅಥವಾ ಮೈಕ್ರೋ ದಂಡ. ದಂಡದ ಬಿಗಿಯನ್ನು ‘ಸ್ಪೈನ್’ ಸಂಖ್ಯೆ ತಿಳಿಸುತ್ತದೆ. 28 ಅಂಗುಲ ಅಂತರದ ಎರಡು ಆಧಾರಗಳ ಮೇಲೆ ದಂಡವನ್ನಿರಿಸಿ, ನಡುವೆ 880 ಗ್ರಾಂ ತೂಕವನ್ನು ತೂಗಬಿಟ್ಟಾಗ ಅದು 0.340 ಅಂಗುಲ ಬಾಗಿದರೆ ಅದರ ಸಂಖ್ಯೆ 340. ಸಂಖ್ಯೆ ಕಡಿಮೆಯಾದಷ್ಟೂ ದಂಡ ಬಿಗಿಯಾದುದೆಂದು ತಿಳಿಯಬೇಕು.

ಕೊಳವೆಯ ಬಿಗಿ ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅವಲಂಬಿಸಿರುವುದರಿಂದ ವ್ಯಾಸ ತಗ್ಗಿದರೆ ಗೋಡೆ ದಪ್ಪವಾಗಲೇಬೇಕು. ಉದಾಹರಣೆಗೆ, 6.2 ಮಿ.ಮೀ. ಒಳವ್ಯಾಸ, 7.5 ಮಿ.ಮೀ. ಹೊರವ್ಯಾಸದ ಕೊಳವೆಯ ಗೋಡೆ 0.65 ಮಿ.ಮೀ. ದಪ್ಪವಿರುತ್ತದೆ. ಅದೇ ವಸ್ತುವಿನಿಂದ, ಅದೇ ಬಿಗಿಯೊಡನೆ 4.2 ಮಿ.ಮೀ. ಒಳವ್ಯಾಸದ ದಂಡವನ್ನು ಮಾಡಬೇಕಾದರೆ ಹೊರವ್ಯಾಸ ಸುಮಾರು 6.7 ಮಿ.ಮೀ., ಗೋಡೆ 1.25 ಮಿ.ಮೀ. ಆಗುತ್ತದೆ. ತೂಕ ಒಂದೂವರೆ ಪಟ್ಟಾಗುತ್ತದೆ. ಅಡ್ಡಕೊಯ್ತದ ಹೊರವಿಸ್ತಾರ ಮಾತ್ರ ಐದನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ದಪ್ಪ ಗೋಡೆ ಜಜ್ಜುವಿಕೆಯನ್ನು ತಡೆದುಕೊಳ್ಳುತ್ತದೆ, ಅಡ್ಡಗಾಳಿಗೆ ಸಿಗುವ ಮೈ ಕಡಿಮೆಯಾಗುತ್ತದೆ, ಮೊನೆ ಕೊರೆದ ದಾರಿಯಲ್ಲಿ ದಂಡದ ಘರ್ಷಣೆಯೂ ತಗ್ಗುತ್ತದೆ. ಭಾರ ಹೆಚ್ಚಿದ ಬಾಣದ ವೇಗ ಇಳಿಯುವುದರಿಂದ, ದೂರವನ್ನು ಅಂದಾಜು ಮಾಡುವಲ್ಲಿನ ತಪ್ಪಿಗೆ ಅದು ಹೆಚ್ಚು ದಂಡ ತೆರಬೇಕಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಅತಿಸಪೂರ ದಂಡದ ನಿಜವಾದ ದೌರ್ಬಲ್ಯವಿರುವುದು ಕೊಳವೆಯಲ್ಲಲ್ಲ, ಮೊನೆಯ ಕೀಲಿನಲ್ಲಿ. ಬಳಕೆಯಲ್ಲಿರುವ ಅಗಲ ಅಲಗಿನ ಮೊನೆಗಳ ತಿರುಪಿನ ವ್ಯಾಸವೇ ಸುಮಾರು 4.17 ಮಿ.ಮೀ. ಆದ್ದರಿಂದ 4.2 ಮಿ.ಮೀ. ಒಳವ್ಯಾಸದ ದಂಡದೊಳಗೆ ತಿರುಪನ್ನು ಹಿಡಿಯುವ ಲೋಹದ ಇನ್ಸರ್ಟ್‌ಗೆ ಸ್ಥಳವೇ ಉಳಿಯುವುದಿಲ್ಲ. ಇದಕ್ಕೆ ಪರಿಹಾರವಾಗಿ ತಿರುಪಿನ ಭಾಗವನ್ನು ದಂಡದ ಮುಂದೆ ಹೊರಗಿರಿಸಿ, ತೆಳುವಾದ ಬಾಲವನ್ನಷ್ಟೇ ಒಳಗೆ ಅಂಟಿಸುವ ‘ಔಟ್‌ಸರ್ಟ್’ ಬಳಕೆಗೆ ಬಂದಿದೆ. ಬಾಣ ಎಲುಬಿಗೆ ಓರೆಯಾಗಿ ತಾಗಿದಾಗ ಬಾಗುಬಲವೆಲ್ಲ ಈ ತೆಳು ಬಾಲದ ಬುಡದಲ್ಲಿ ಕೇಂದ್ರೀಕರಿಸುತ್ತದೆ. ಅಲ್ಯೂಮಿನಿಯಂ ಬಾಲ ಅಲ್ಲಿ ಬಾಗಿಬಿಡಬಹುದು. ಉಕ್ಕು ಅಥವಾ ಟೈಟಾನಿಯಂನದು ಹೆಚ್ಚು ತಾಳಿಕೊಳ್ಳುತ್ತದೆ. ದಂಡದ ತುದಿಯನ್ನು ಹೊರಗಿನಿಂದ ತಬ್ಬುವ ಲೋಹದ ಬಳೆ ಸೀಳನ್ನು ತಡೆಯುತ್ತದೆ. ಇಶಿಯ ನರದ ಸುತ್ತು ಮಾಡುತ್ತಿದ್ದ ಕೆಲಸವೇ ಇದು. 5.2 ಮಿ.ಮೀ. ದಂಡದಲ್ಲಾದರೆ ಇನ್ಸರ್ಟ್ ಪೂರ್ತಿಯಾಗಿ ಒಳಗೇ ಅಡಗುವುದರಿಂದ, ಕೀಲಿನ ಭದ್ರತೆಯ ದೃಷ್ಟಿಯಿಂದ ಅದು ಎಷ್ಟೋ ಸಲ ಹೆಚ್ಚು ವಿವೇಕದ ಆಯ್ಕೆಯಾಗುತ್ತದೆ.

1980ರ ದಶಕದಲ್ಲಿ ದಕ್ಷಿಣ ಆಫ್ರಿಕದ ನಟಾಲ್‌ನಲ್ಲಿಯೂ ಅನಂತರ ಆಸ್ಟ್ರೇಲಿಯದಲ್ಲಿಯೂ ಬಾಣದ ಒಳಹೊಕ್ಕುವಿಕೆಯನ್ನು ಅಭ್ಯಸಿಸಿದ ಎಡ್ ಆಶ್ಬಿ ಅವರು ಬಾಣದ ಗುಣಗಳಲ್ಲಿ ರಚನಾತ್ಮಕ ಅಖಂಡತೆಗೆ ಮೊದಲ ಸ್ಥಾನ ನೀಡಿದ್ದಾರೆ. ದಂಡವು ಮೊನೆಯ ಕತ್ತಿಗಿಂತ ಸಪೂರವಾಗಿರುವುದು ಲಾಭಕರವೆಂದು ಅವರು ಗುರುತಿಸಿದರೂ, ಬಾಣ ಮುರಿದರೆ ಉಳಿದ ಗುಣಗಳೆಲ್ಲ ವ್ಯರ್ಥವೆಂಬುದು ಅವರ ನಿಲುವು.

ಇದರಿಂದ ಆಯ್ಕೆಯ ಕ್ರಮವೂ ಸ್ಪಷ್ಟವಾಗುತ್ತದೆ. ಮೊದಲು ಬಿಲ್ಲಿನ ಬಲ, ಬಾಣದ ಉದ್ದ, ಮೊನೆಯ ತೂಕ ಇವುಗಳಿಗೆ ಹೊಂದುವ ಸ್ಪೈನ್. ಮುಂಭಾಗದ ತೂಕ ಹೆಚ್ಚಿಸಿದರೆ ದಂಡ ಮೆದುವಾದಂತೆ ವರ್ತಿಸುವುದರಿಂದ ಇನ್ನಷ್ಟು ಬಿಗಿಯಾದುದನ್ನು ಆರಿಸಬೇಕು. ಎರಡನೆಯದು ಕೀಲಿನ ರಚನೆ ಮತ್ತು ಲೋಹ. ಮೂರನೆಯದು ಗೋಡೆಯ ದಪ್ಪ. ವ್ಯಾಸದ ಪ್ರಶ್ನೆ ಇವುಗಳ ನಂತರದ್ದು. ಮಾರಾಟದ ಪೊಟ್ಟಣಗಳ ಮೇಲೆ ಕಾಣುವ 0.001 ಅಥವಾ 0.003 ಅಂಗುಲವೆಂಬ ಅಂಕಿ ದಂಡದ ನೇರತೆಯನ್ನು ಹೇಳುತ್ತದೆಯೇ ಹೊರತು ಬಾಳಿಕೆಯನ್ನಲ್ಲ.

ಕಾರ್ಬನ್ ದಂಡ ಮರದಂತೆ ಎಚ್ಚರಿಕೆ ಕೊಟ್ಟು ಸವೆಯುವುದಿಲ್ಲ. ನಾರುಗಳ ನಡುವಿನ ಬಿರುಕು ಕಣ್ಣಿಗೆ ಬೀಳದೆ ಉಳಿದು, ಹೆದೆ ಬಿಟ್ಟ ಕ್ಷಣದಲ್ಲಿ ದಂಡ ಸಿಡಿದು ಬಿಲ್ಲುಗಾರನ ಕೈಗೆ ಚೂರುಗಳು ನಾಟಬಹುದು. ಆದುದರಿಂದ ಪ್ರತಿ ಎಸೆತಕ್ಕೆ ಮೊದಲು ದಂಡವನ್ನು ಸುತ್ತಲೂ ತಿರುಗಿಸುತ್ತ ಮೆಲ್ಲನೆ ಬಾಗಿಸಿ, ಚಿಟಿಚಿಟಿ ಸದ್ದನ್ನು ಆಲಿಸುವುದು ಕಡ್ಡಾಯವೆನಿಸಿದೆ. ಗಟ್ಟಿ ವಸ್ತುವಿಗೆ ಬಡಿದ ಬಾಣವನ್ನು ಸಂಶಯವಿದ್ದರೂ ತ್ಯಜಿಸಬೇಕು. ಬೇಟೆಯನ್ನು ಒಪ್ಪುವ ಸಮಾಜದಲ್ಲಿಯೂ ಪ್ರಾಣಿಯ ನೋವನ್ನು ಕಿರಿದುಗೊಳಿಸುವ ಹೊಣೆ ಬೇಟೆಗಾರನದೇ. ಸಪೂರ ದಂಡ ಆ ಹೊಣೆಗೆ ನೆರವಾಗುವುದು, ಅದರ ಕೀಲು ಎಲುಬಿನ ಪೆಟ್ಟನ್ನು ತಾಳಿಕೊಂಡಾಗ ಮಾತ್ರ.