ಕೆರೆಯ ನೀರು ತಿಳಿಗೊಳಿಸಲು ನುಗ್ಗೆ ಬೀಜ

ಮಳೆಗಾಲದಲ್ಲಿ ಕದಡಿದ ಕೆರೆಯ ನೀರು ದಿನಗಟ್ಟಲೆ ಇಟ್ಟರೂ ತಿಳಿಯಾಗದು. ಅದರಲ್ಲಿನ ಸೂಕ್ಷ್ಮ ಜೇಡಿಕಣಗಳು ಋಣ ವಿದ್ಯುದಂಶದಿಂದ ಒಂದನ್ನೊಂದು ದೂರ ತಳ್ಳುವುದೇ ಇದಕ್ಕೆ ಕಾರಣ. ನುಗ್ಗೆ ಬೀಜದ ಸಸಾರಜನಕ ಧನ ವಿದ್ಯುದಂಶವುಳ್ಳದ್ದು. ಕಣಗಳನ್ನು ಕೂಡಿಸಿ ತಳಕ್ಕಿಳಿಸುತ್ತದೆ.

ಗಿಡದಲ್ಲೇ ಒಣಗಿದ ಕಾಯಿಯ ಬೀಜ ಸುಲಿದು, ಬಿಳಿ ತಿರುಳನ್ನು ನುಣ್ಣಗೆ ಕುಟ್ಟಬೇಕು. 20 ಲೀಟರ್ ನೀರಿಗೆ ಸುಮಾರು 2 ಗ್ರಾಂ ಪುಡಿ ಸಾಕು. ಇದನ್ನು ಲೋಟ ಶುದ್ಧ ನೀರಿನಲ್ಲಿ 5 ನಿಮಿಷ ಕಲಕಿ, ಬಟ್ಟೆಯಲ್ಲಿ ಸೋಸಿ ಬೆರೆಸಬೇಕು. 1 ನಿಮಿಷ ರಭಸವಾಗಿ, ಅನಂತರ 5ರಿಂದ 10 ನಿಮಿಷ ನಿಧಾನವಾಗಿ ತಿರುವಬೇಕು. ರಭಸ ಮುಂದುವರಿದರೆ ಕೂಡಿದ ಕಣಗಳು ಒಡೆಯುತ್ತವೆ. ಮುಚ್ಚಿ, 2 ಗಂಟೆ ಅಲುಗಿಸದೆ ಬಿಟ್ಟು ತಿಳಿನೀರನ್ನು ಬಸಿದುಕೊಳ್ಳಬೇಕು.

ತಿಳಿನೀರೆಲ್ಲ ಶುದ್ಧ ನೀರಲ್ಲ. ವಾಂತಿಭೇದಿಯ ರೋಗಾಣುಗಳು ಉಳಿದಿರಬಹುದಾದ್ದರಿಂದ ಕುದಿಸಿಯೇ ಕುಡಿಯಬೇಕು. ಈ ನೀರನ್ನು 24 ಗಂಟೆ ಮೀರಿ ಇಡಬಾರದು.