‘ಬೊಮ್ಮ ಬಿನ್ ಸುಕ್ರ’: ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಹಳೆಯ ಭೂದಾಖಲೆಗಳಲ್ಲಿ ಹೆಸರಿನ ರಚನೆ ಮತ್ತು ವಂಶಶೋಧನೆ

2006ರ ಅರಣ್ಯ ಹಕ್ಕು ಮಾನ್ಯತಾ ಕಾಯಿದೆಯ ಅಡಿಯಲ್ಲಿ 2008ರ ಜನವರಿ 1ರಂದು ಪ್ರಕಟವಾದ ನಿಯಮಗಳಲ್ಲಿ 13ನೆಯ ನಿಯಮವು ಹಕ್ಕಿನ ಸಾಕ್ಷ್ಯಗಳನ್ನು ಪಟ್ಟಿಮಾಡುತ್ತದೆ. ಹಿಂದಿನ ಭೂದಾಖಲೆಗಳಲ್ಲಿ ಹೆಸರು ಕಾಣುವ ವ್ಯಕ್ತಿಗಳವರೆಗೆ ಒಯ್ದು ತೋರಿಸುವ ವಂಶಾವಳಿಯೂ ಅವುಗಳಲ್ಲಿ ಒಂದು. ಪರಿಶಿಷ್ಟ ಪಂಗಡಕ್ಕೆ ಸೇರದ ಅರ್ಜಿದಾರರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರುಗಳ, ತಲೆಮಾರಿಗೆ 25ರಂತೆ 75 ವರ್ಷಗಳ, ವಾಸವನ್ನು ಸ್ಥಾಪಿಸಬೇಕು. ಉತ್ತರ ಕನ್ನಡದ ಕರಾವಳಿಯ ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು ಮುಂತಾದವರ ಪಾಲಿಗೆ ಇದರ ಅರ್ಥ ಇಷ್ಟೇ: 1930ರ ಆಚೀಚೆಯ ಒಂದು ಕಾಗದದಲ್ಲಿರುವ ಹೆಸರು ತಮ್ಮ ಅಜ್ಜನದೋ ಮುತ್ತಜ್ಜನದೋ ಎಂದು ತೋರಿಸಬೇಕು. ವಿಚಾರಣೆಯಲ್ಲಿ ಇದನ್ನು ಕಂದಾಯದ ಪ್ರಶ್ನೆಯಾಗಿ ಮಾತ್ರ ನೋಡುತ್ತಾರೆ. ಇದು ಮೊದಲಿಗೆ ಭಾಷೆಯ ಪ್ರಶ್ನೆ ಎಂಬುದು ನಮ್ಮ ನಿಲುವು. ದಾಖಲೆಯ ಹೆಸರು ವ್ಯಕ್ತಿಯ ನೇರ ಗುರುತಲ್ಲ. ಆಡುಮಾತಿನ ಒಂದು ರೂಪವು ಹಲವು ಭಾಷೆ, ಲಿಪಿಗಳ ಮೂಲಕ ಹಾಯ್ದು ಕಾಗದಕ್ಕೆ ಇಳಿದದ್ದು.

ಮೊದಲು ದಾಖಲೆಗಳ ಪದರಗಳನ್ನು ಗುರುತಿಸಿಕೊಳ್ಳೋಣ. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಈಸ್ಟ್ ಇಂಡಿಯಾ ಕಂಪನಿಗೆ ಬಂದಾಗ ಇಲ್ಲಿ ಕಲೆಕ್ಟರನಾಗಿದ್ದವನು ಥಾಮಸ್ ಮನ್ರೋ. 1800ರ ಮೇ 31ರ ವರದಿಯಲ್ಲಿ ಅವನು ಈ ಸೀಮೆಯ ಭೂಮಿ ಬಹುಪಾಲು ಖಾಸಗಿ ಸ್ವತ್ತು ಎಂದು ವಾದಿಸಿದನು. ಆ ವಾದಕ್ಕೆ ಆಧಾರ ಒದಗಿಸಿದವು ಶಾನಭೋಗರ ಬಳಿಯಿದ್ದ ಕರಿಬಟ್ಟೆಯ ಲೆಕ್ಕದ ಪುಸ್ತಕಗಳು, ಅಂದರೆ ಕಡತಗಳು. ಇದ್ದಿಲು ಹಾಗೂ ಅಂಟು ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆಯುತ್ತಿದ್ದ ಈ ಮಡಿಕೆ ಪುಸ್ತಕಗಳ ಹೆಸರೇ ಇಂದು ಕಚೇರಿಯ ಫೈಲಿಗೆ ಸಂದಿದೆ. ಕಡತದ ಬರಹವನ್ನು ಅಳಿಸಿ ತಿದ್ದಬಹುದಾಗಿತ್ತು. ಆದುದರಿಂದ ಅದು ಚಾಲ್ತಿಯ ಲೆಕ್ಕ, ಶಾಸನದಂತೆ ಒಮ್ಮೆಗೇ ಸ್ಥಿರವಾದ ಪಠ್ಯವಲ್ಲ. ಕೆಳದಿಯ ಕಾಲದ ಶಿಸ್ತು ಮತ್ತು ಬಿತ್ತನೆಯ ಬೀಜದಿಂದ ನೆಲವನ್ನು ಅಳೆಯುವ ಬೀಜವರಿ, ಈ ಎರಡೂ ಆ ಪದರದ ಮಾತುಗಳು.

1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ವಂಶ ಹುಡುಕುವವನಿಗೆ ಇದಕ್ಕಿಂತ ದೊಡ್ಡ ಗಡಿ ಬೇರೊಂದಿಲ್ಲ. ವರ್ಗ, ಮೂಲಗೇಣಿ, ಚಾಲಗೇಣಿಗಳ ಲೆಕ್ಕದ ಮೇಲೆ ಮುಂಬಯಿಯ ಸರ್ವೆ ಪದ್ಧತಿ ಬಂದು ಕೂತಿತು. ಸರ್ವೆ ನಂಬರು, ಹಿಸ್ಸಾ, ಆಕಾರ, ಖರಾಬು, ಕಬ್ಜೇದಾರ, ಫೇರಫಾರ, ವಾರಸಾ ಇವೆಲ್ಲ ಮರಾಠಿ ದಫ್ತರದ ದಾರಿಯಿಂದ ಬಂದ ಪದಗಳು. ಅವುಗಳಲ್ಲಿ ಅನೇಕದ ಬೇರು ಅರಬ್ಬಿ, ಫಾರಸಿಗಳಲ್ಲಿದೆ. 1903ರ ಮುಂಬಯಿ ಹಕ್ಕುದಾಖಲೆ ಕಾಯಿದೆ ಹಾಗೂ ಅದು 1913ರಲ್ಲಿ ಭೂಕಂದಾಯ ಸಂಹಿತೆಯೊಳಗೆ ಸೇರಿದ ಮೇಲಿನ ವ್ಯವಸ್ಥೆಯಿಂದ ನಮಗೆ ಅತ್ಯಂತ ಉಪಯುಕ್ತವಾದ ದಾಖಲೆ ದೊರೆಯುತ್ತದೆ: ಯಾರು ಸತ್ತರು, ಅವರ ಬದಲಿಗೆ ಯಾರ ಹೆಸರು ಯಾವ ಕಾರಣಕ್ಕೆ ಏರಿತು ಎಂದು ಬರೆದಿಡುವ ಫೇರಫಾರ ಪುಸ್ತಕ. ಭಟ್ಕಳದವರಿಗೆ ಒಂದು ಸೂಚನೆ: 19ನೆಯ ಶತಮಾನದ ಕೊನೆಗೆ ಭಟ್ಕಳವು ಹೊನ್ನಾವರ ತಾಲೂಕಿನ ಪೇಟಾ ಆಗಿತ್ತು. ಆ ಕಾಲದ ಕಾಗದವನ್ನು ಹೊನ್ನಾವರದ ಹೆಸರಿನಲ್ಲಿಯೇ ಕೇಳಬೇಕು.

ಇನ್ನು ಹೆಸರಿನ ವಾಕ್ಯರಚನೆಗೆ ಬರೋಣ. ಶೀರ್ಷಿಕೆಯ ‘ಬೊಮ್ಮ ಬಿನ್ ಸುಕ್ರ’ ಮಾದರಿಗಾಗಿ ನಾವೇ ಕಟ್ಟಿದ ಹೆಸರು. ಹಾಲಕ್ಕಿಗಳಲ್ಲಿ ಎರಡೂ ಸಾಮಾನ್ಯ. ‘ಬಿನ್’ ಅರಬ್ಬಿಯ ‘ಮಗ’. ಕನ್ನಡದಲ್ಲಿ ಷಷ್ಠಿಯ ಪದ ಮೊದಲು, ವಿಶೇಷ್ಯ ಆಮೇಲೆ: ‘ಸುಕ್ರನ ಮಗ ಬೊಮ್ಮ’. ಆಡುಮಾತಿನಲ್ಲಿ ‘ಮಗ’ ಕೂಡ ಬೇಕಿಲ್ಲ. ‘ಸುಕ್ರನ ಬೊಮ್ಮ’ ಸಾಕು. ಬಿನ್‌ರಚನೆಯು ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ ಮತ್ತು ತಂದೆಯ ಹೆಸರಿನಿಂದ ವಿಭಕ್ತಿಯನ್ನು ಕಳಚುತ್ತದೆ. ಬರವಣಿಗೆಯಲ್ಲಿ ‘ಬಿನ್’ ಬಿಟ್ಟುಹೋದಾಗ ಉಳಿಯುವುದು ‘ಬೊಮ್ಮ ಸುಕ್ರ’. ಮುಂಬಯಿ ಕ್ರಮದ ಓದಿನಲ್ಲಿ ಇದು ಸುಕ್ರನ ಮಗ ಬೊಮ್ಮ. ಶಾನಭೋಗನು ಊರ ಮಾತನ್ನು ಕೇಳಿ ವಿಭಕ್ತಿಯನ್ನು ಮಾತ್ರ ಕೈಬಿಟ್ಟು ಬರೆದಿದ್ದರೆ ಅದು ಬೊಮ್ಮನ ಮಗ ಸುಕ್ರನೂ ಆಗಬಹುದು. ಒಂದೇ ಪುಟದ ಇತರ ನಮೂದುಗಳನ್ನು ನೋಡದೆ ಇಂಥ ಜೋಡಿಯನ್ನು ಬಿಡಿಸಬಾರದು: ಆ ಕೈ ಸ್ತ್ರೀಯರ ಹೆಸರನ್ನು ಯಾವ ಕ್ರಮದಲ್ಲಿ ಬರೆಯುತ್ತದೆ ಎಂಬುದೇ ಉತ್ತಮ ಒರೆಗಲ್ಲು. ‘ನಾಗಿ ಕೋಂ ತಿಮ್ಮ’ ಎಂಬಲ್ಲಿ ಇಕಾರಾಂತ ಹೆಸರು ಹೆಣ್ಣಿನದು, ಅಕಾರಾಂತವು ಗಂಡನದು. ಲಿಂಗಪ್ರತ್ಯಯವೇ ಕ್ರಮವನ್ನು ಹೇಳಿಬಿಡುತ್ತದೆ. ಗಂಡಸರ ಜೋಡಿಗಳಲ್ಲಿ ಆ ನೆರವಿಲ್ಲ.

ತೊಡಕು ಇಲ್ಲಿಗೆ ಮುಗಿಯುವುದಿಲ್ಲ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ಈ ಸೀಮೆಯ ಹಲವು ಸಮುದಾಯಗಳಲ್ಲಿದೆ. ಸುಕ್ರನ ಮಗ ಬೊಮ್ಮ, ಬೊಮ್ಮನ ಮಗ ಸುಕ್ರ, ಆ ಸುಕ್ರನ ಮಗ ಮತ್ತೆ ಬೊಮ್ಮ. ಒಂದು ತಲೆಮಾರನ್ನು ಬಿಟ್ಟು ಮರುಕಳಿಸುವ ‘ಬೊಮ್ಮ ಬಿನ್ ಸುಕ್ರ’ ಎಂಬ ಅಕ್ಷರಸರಣಿ ಐವತ್ತು ವರ್ಷಗಳ ಅಂತರದ ಎರಡು ಕಾಗದಗಳಲ್ಲಿ ಹಾಗೆಯೇ ಕಾಣಿಸೀತು; ಅವರು ಅಜ್ಜ, ಮೊಮ್ಮಗ. ಅಕ್ಷರಸಾಮ್ಯವನ್ನು ನೆಚ್ಚಿದ ಓದುಗ ಇಬ್ಬರನ್ನು ಒಬ್ಬನೆಂದು ಎಣಿಸಿದರೆ ನಡುವಿನ ಎರಡು ತಲೆಮಾರು ಮಾಯವಾಗುತ್ತವೆ. ಮೂರು ತಲೆಮಾರುಗಳ ವಾಸವೇ ಹಕ್ಕಿನ ಆಧಾರವಾಗಿರುವ ಕಡೆ ಈ ತಪ್ಪಿನ ಬೆಲೆ ಏನೆಂದು ವಿವರಿಸಬೇಕಿಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ‘ಬೊಮ್ಮ ಬಿನ್ ಸುಕ್ರ’, ‘ಬೊಮ್ಮಾ ಸುಕ್ರು ಗೌಡ’, ‘ಬಿ. ಎಸ್. ಗೌಡ’ ಮೂರೂ ಒಬ್ಬನೇ ಆಗಿರಬಹುದು. ರೂಪಭೇದವನ್ನು ವ್ಯಕ್ತಿಭೇದವೆಂದು ತಿಳಿದ ಕಚೇರಿ ಅರ್ಜಿಯನ್ನು ಹಿಂದಕ್ಕೆ ಕಳಿಸಬಹುದು. ಈ ಕಾರಣದಿಂದ ನಾವು ಹೆಸರನ್ನು ಹಿಡಿದು ಹಿಂದಕ್ಕೆ ಹೋಗುವುದಕ್ಕಿಂತ ನೆಲವನ್ನು ಹಿಡಿದು ಹೋಗುವುದನ್ನು ಮೇಲೆಣಿಸುತ್ತೇವೆ. ಸರ್ವೆ ನಂಬರು, ಹಿಸ್ಸಾ, 40 ಗುಂಟೆಗೆ ಎಕರೆ ಹಾಗೂ 16 ಆಣೆಗೆ ಗುಂಟೆ ಎಂಬ ಲೆಕ್ಕದ ಕ್ಷೇತ್ರ, ಚಕ್ಕುಬಂದಿ ಇವು ಸ್ಥಿರ. ಒಂದೇ ತುಂಡಿನ ಮೇಲೆ ಏರಿ ಇಳಿದ ಹೆಸರುಗಳನ್ನು ಫೇರಫಾರದ ತಾರೀಖಿನೊಡನೆ ಪೋಣಿಸಿದರೆ ಅಜ್ಜನೂ ಮೊಮ್ಮಗನೂ ಬೇರೆಯಾಗುತ್ತಾರೆ.

ಲಿಪ್ಯಂತರದ ನಷ್ಟಗಳು ನಿಯಮಬದ್ಧವಾದುವು. ಆದುದರಿಂದ ಅವನ್ನು ಹಿಮ್ಮುಖವಾಗಿ ಓದಬಹುದು. ಮುಂಬಯಿ ಪ್ರಾಂತದ ಸರ್ವೆ ಕಾಗದಗಳಲ್ಲಿ ಬಳಕೆಯಲ್ಲಿದ್ದ ಮೋಡಿಯಲ್ಲಿ ಇಕಾರ, ಉಕಾರಗಳ ಹ್ರಸ್ವದೀರ್ಘ ಭೇದ ಸಾಮಾನ್ಯವಾಗಿ ಇಲ್ಲ. ದೇವನಾಗರಿಯ ರೂಢಿಯಲ್ಲಿ ಎ/ಏ, ಒ/ಓ ಭೇದವಿಲ್ಲ. ‘ಹೊನ್ನ’ ಎಂಬುದು ಅಲ್ಲಿಂದ ಮರಳುವಾಗ ‘ಹೋನ್ನ’ ಆಗಿ ಬರಬಹುದು. ಇಂಗ್ಲಿಷು ಇನ್ನೂ ಹೆಚ್ಚು ನುಂಗುತ್ತದೆ: ತ/ಟ, ದ/ಡ, ನ/ಣ, ಲ/ಳ ಒಂದಾಗುತ್ತವೆ. ಊರ ಹೆಸರುಗಳಿಗೂ ಇದೇ ಗತಿ. ಕುಮಟೆಯು ಹತ್ತಿಯ ವ್ಯಾಪಾರದ ಇಂಗ್ಲಿಷ್ ಬರಹಗಳಲ್ಲಿ ‘ಕೂಂಪ್ಟಾ’. ಹೊನ್ನಾವರ ಪೋರ್ಚುಗೀಸರಿಗೆ ‘ಓನೋರ್’, ಭಟ್ಕಳ ‘ಬಟಿಕಲಾ’. ಸೂಕ್ಷ್ಮವಾದ ಉದಾಹರಣೆ ‘ನಾಯಕ’ ಮತ್ತು ‘ನಾಯ್ಕ’. ಇಂದಿನ ಕನ್ನಡ ಬರವಣಿಗೆಯಲ್ಲಿ ‘ನಾಯ್ಕ’ ಬಹುಮಟ್ಟಿಗೆ ನಾಮಧಾರಿಗಳದು. ‘ನಾಯಕ’ ನಾಡವರಲ್ಲಿಯೂ ಸಾರಸ್ವತರಲ್ಲಿಯೂ ಕಾಣುತ್ತದೆ. ಮರಾಠಿಯ ‘ನಾಈಕ’, ಇಂಗ್ಲಿಷಿನ ‘ನೈಕ್’ ಈ ಗೆರೆಯನ್ನು ಅಳಿಸುತ್ತವೆ. ಹಳೆಯ ಪುಟದಲ್ಲಿ ಅದನ್ನು ಕಂಡ ಮಾತ್ರಕ್ಕೆ ಸಮುದಾಯವನ್ನು ತೀರ್ಮಾನಿಸುವುದು ಇಂದಿನ ಕಾಗುಣಿತವನ್ನು ಹಿಂದಿನ ಕಾಲಕ್ಕೆ ಹೇರಿದಂತೆ.

ಉಪನಾಮಗಳೇ ತಡವಾಗಿ ಗಟ್ಟಿಯಾದುವು. ಹೆಗಡೆ, ಗೌಡ, ಶೆಟ್ಟಿ, ನಾಯಕ ಇವು ಮೊದಲು ಹುದ್ದೆ ಅಥವಾ ಗೌರವದ ಪದಗಳು. ಒಂದೇ ಹವ್ಯಕ ಕುಟುಂಬದ ಒಂದು ಕವಲು ಭಟ್ಟ, ಇನ್ನೊಂದು ಹೆಗಡೆ ಆಗಿರುವುದು ವಿರಳವಲ್ಲ. ಕುಮಟಾ ತಾಲೂಕಿನಲ್ಲಿ ಹೆಗಡೆ ಎಂಬ ಊರೇ ಇದೆ. ‘ಹೆಗಡೆ ಗಣಪ’ ಎಂಬ ನಮೂದಿನಲ್ಲಿ ಮೊದಲ ಪದ ಊರೋ ಕುಲನಾಮವೋ ಎಂಬುದನ್ನು ಪಕ್ಕದ ಅಂಕಣ ಹೇಳಬೇಕು. ಭಟ್ಕಳದ ನವಾಯತರಲ್ಲಿ ಸ್ಥಿತಿ ಬೇರೆ. ಬಂದರಿನ ಅಧಿಕಾರಿಯನ್ನು ಸೂಚಿಸುವ ಫಾರಸಿಯ ‘ಶಾಹ್ ಬಂದರ್’ನಿಂದ ಬಂದ ಶಾಬಂದ್ರಿಯಂಥ ಕುಲನಾಮಗಳು ಅಲ್ಲಿ ಮನೆತನವನ್ನು ಗಟ್ಟಿಯಾಗಿ ಹಿಡಿದಿಟ್ಟಿವೆ. ಆದರೆ ಕಂದಾಯದ ಅಂಕಣ ‘ಬಿನ್’ ಬರೆದು ನಿಲ್ಲಿಸಿದರೆ ಆ ಕುಲನಾಮವೇ ಬಿಟ್ಟುಹೋಗುತ್ತದೆ. ಭಟ್ಕಳದ 16ನೆಯ ಶತಮಾನದ ಖೇತಪೈ ನಾರಾಯಣ ದೇವಾಲಯವು ಕಟ್ಟಿಸಿದವನ ಹೆಸರನ್ನೇ ಹೊತ್ತಿದೆ. ‘ಪೈ’ ಆಗಲೇ ಹೆಸರಿನ ಬಾಲಕ್ಕೆ ಅಂಟಿತ್ತು. ಶಾಸನಗಳಿಂದ ಇಂಥ ಅಂಶಗಳು ದೊರೆಯುತ್ತವೆ. ಆದರೆ ಅಲ್ಲಿಂದ ಕಡತದವರೆಗೆ ಒಂದು ಸಾಮಾನ್ಯ ಕುಟುಂಬವನ್ನು ಎಳೆದು ತರುವ ಉತ್ಸಾಹ ನಮಗೆ ಒಪ್ಪಿಗೆಯಿಲ್ಲ. ಶಾಸನದಲ್ಲಿರುವುದು ದಾನ ಕೊಟ್ಟವರು ಮತ್ತು ಪಡೆದವರು. ಗದ್ದೆ ಉತ್ತವರು ಅಲ್ಲಿ ಅಪರೂಪ.

ಉತ್ತವರು ಕಂದಾಯ ಪುಸ್ತಕದಲ್ಲಿಯೂ ತಡವಾಗಿಯೇ ಬಂದರು. ಸರ್ಕಾರಕ್ಕೆ ಬೇಕಾದದ್ದು ತೀರುವೆ ಕೊಡುವವನ ಹೆಸರು. ಚಾಲಗೇಣಿಯ ಒಕ್ಕಲು ಧಣಿಯ ಮನೆಯ ಲೆಕ್ಕದಲ್ಲಿ ಮಾತ್ರ ಇದ್ದನು. 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರದಲ್ಲಿ ನಿಹಿತವಾದ ಮೇಲೆ ಭೂನ್ಯಾಯಮಂಡಳಿಗೆ ಸಲ್ಲಿಸಿದ ನಮೂನೆ 7ರ ಅರ್ಜಿಗಳು ಈ ದೃಷ್ಟಿಯಿಂದ ಅಮೂಲ್ಯ: ಅನೇಕ ಮನೆತನಗಳು ಸ್ವಂತ ಹೆಸರಿನಲ್ಲಿ ದಾಖಲೆಗೆ ಪ್ರವೇಶಿಸಿದ ಮೊದಲ ಬಾಗಿಲು ಅದು. ಪಹಣಿಯಲ್ಲಿಯೂ 9ನೆಯ ಅಂಕಣದ ಸ್ವಾಧೀನದಾರನಿಗಿಂತ 12ನೆಯ ಅಂಕಣದ ಸಾಗುವಳಿದಾರನ ಹೆಸರು ಇಂಥವರಿಗೆ ಹೆಚ್ಚು ಪ್ರಯೋಜನಕಾರಿ.

ಅದಕ್ಕೂ ಹಿಂದೆ ಹೋಗಬೇಕೆಂದರೆ ನೆಲದ ಹೆಸರುಗಳನ್ನು ಕೇಳಬೇಕು. ಬೈಲು, ಮಕ್ಕಿ, ಬೇಣ, ಹಕ್ಕಲು, ಕೊಡ್ಲು, ನದಿಯ ನಡುಗಡ್ಡೆಯಾದ ಕುರ್ವೆ, ಅಘನಾಶಿನಿಯ ಅಳಿವೆಯಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ: ಈ ಪದಗಳ ಮುಂದೆ ನಿಂತ ವ್ಯಕ್ತಿನಾಮವು ಷಷ್ಠಿಯನ್ನು ಕಳೆದುಕೊಂಡಿರುವುದಿಲ್ಲ. ‘ಸುಕ್ರನ ಹಕ್ಕಲು’ ಎಂಬಲ್ಲಿ ಸುಕ್ರನು ‘ಬಿನ್’ನ ಕೈಗೆ ಸಿಗದೆ ಉಳಿದಿದ್ದಾನೆ. ಅವನು ಖಾತೆದಾರನಾಗಿರಬೇಕೆಂದಿಲ್ಲ, ಊರವರು ಆ ನೆಲದಲ್ಲಿ ಕಂಡವನು ಅವನು. ಕ್ಷೇತ್ರನಾಮಗಳ ಸಂಗ್ರಹವನ್ನು ಗ್ರಾಮನಾಮಗಳಷ್ಟೇ ಗಂಭೀರವಾಗಿ ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಎತ್ತಿಕೊಂಡಿದ್ದರೆ ಇಂದು ಎಷ್ಟೋ ಅರ್ಜಿಗಳಿಗೆ ಆಧಾರವಿರುತ್ತಿತ್ತು ಎಂದು ಹೇಳದೆ ಇರಲಾರೆವು.

ಪಹಣಿಗಳು ‘ಭೂಮಿ’ ಯೋಜನೆಯಲ್ಲಿ ಗಣಕಕ್ಕೆ ಏರಿದ್ದರಿಂದ ಹುಡುಕಾಟ ಸುಲಭವಾಗಿದೆ. ಆದರೆ ಗಣಕದಲ್ಲಿರುವುದು ಕೈಬರಹದ ಪ್ರತಿಯನ್ನು ಓದಿದ ಒಬ್ಬರ ಓದು; ‘ಬೊಮ್ಮು’ವಿನ ಉಕಾರ, ‘ಕೋಂ’ನ ಸೊನ್ನೆ ಬೆರಳಚ್ಚಿನಲ್ಲಿ ಜಾರಬಹುದು. ಮೂಲಪುಟದ ಛಾಯಾಪ್ರತಿಯನ್ನು ಜೊತೆಗಿಟ್ಟು ಎರಡನ್ನೂ ಉದ್ಧರಿಸುವುದು ವಾಡಿಕೆಯಾಗಬೇಕು. 13ನೆಯ ನಿಯಮವು ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನೂ, ಬರಹಕ್ಕೆ ಇಳಿಸಿದ್ದಾದರೆ, ಸಾಕ್ಷ್ಯವೆಂದು ಒಪ್ಪುತ್ತದೆ. ಅಂಥ ಹೇಳಿಕೆಯನ್ನು ಬರೆದುಕೊಳ್ಳುವವರು ಪಡಿತರ ಚೀಟಿಯ ರೂಪಕ್ಕೆ ಹೆಸರನ್ನು ತಿದ್ದದೆ, ಅಜ್ಜಿಯೊಬ್ಬಳು ‘ಸುಕ್ರಣ್ಣನ ಬೊಮ್ಮ’ ಎಂದರೆ ಹಾಗೆಯೇ ಬರೆದು, ದಾಖಲೆಯ ರೂಪವನ್ನು ‘ಯಾನೆ’ ಸೇರಿಸಿ ಪಕ್ಕದಲ್ಲಿ ಇಡಬೇಕು. ಯಾರು ತಂದೆ, ಯಾರು ಮಗ ಎಂಬುದನ್ನು ಆ ಒಂದು ‘ನ’ಕಾರ ನಿರ್ಣಯಿಸುತ್ತದೆ.