ಗುಟ್ಟು ಒಂದು, ಕೀಲಿ ನೂರು

1941ರ ಮೇ 9ರಂದು ಅಟ್ಲಾಂಟಿಕ್ ಸಾಗರದಲ್ಲಿ ಯು-110 ಎಂಬ ಜರ್ಮನ್ ಜಲಾಂತರ್ಗಾಮಿ ಬ್ರಿಟಿಷ್ ನೌಕಾಪಡೆಗೆ ಸೆರೆ ಸಿಕ್ಕಿತು. ಅದರೊಳಗೆ ಎನಿಗ್ಮಾ ಎಂಬ ಗೂಢಲಿಪಿ ಯಂತ್ರವೂ ಸಂಕೇತ ಪುಸ್ತಕಗಳೂ ಇದ್ದವು. ಒಂದು ಜಾಲದ ನೌಕೆಗಳೆಲ್ಲ ಆಯಾ ದಿನಕ್ಕೆ ಒಂದೇ ಕೀಲಿಯನ್ನು ಬಳಸುತ್ತಿದ್ದವು. ಹೀಗಾಗಿ ಒಂದು ನೌಕೆಯ ಪುಸ್ತಕ ಹೋದರೆ ಎಲ್ಲ ನೌಕೆಗಳ ಗುಟ್ಟೂ ಹೋದಂತೆ!

ಹಾಗಾದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಕೀಲಿ ಕೊಟ್ಟರಾಗದೇ? ಆಗಬಹುದು. ಆದರೆ ನೂರು ಜನರಿಗೆ ಒಂದೇ ಸುದ್ದಿಯನ್ನು ನೂರು ಸಲ ಗೂಢಲಿಪಿಗೆ ಇಳಿಸಬೇಕಾಗುತ್ತದೆ.

ಇದಕ್ಕೆ ದಾರಿ ತೋರಿದವರು ಅಮೆರಿಕದ ಡಿಫಿ ಮತ್ತು ಹೆಲ್ಮನ್. 1976ರಲ್ಲಿ ಅವರು ಸಾರ್ವಜನಿಕ ಕೀಲಿಯ ಕಲ್ಪನೆಯನ್ನು ಮುಂದಿಟ್ಟರು. ತೆರೆದ ಬೀಗವನ್ನು ಊರಿಗೆಲ್ಲ ಹಂಚಿ, ಅದರ ಕೈಯನ್ನು ಮಾತ್ರ ತಾನೇ ಇಟ್ಟುಕೊಂಡಂತೆ ಇದು. ಬೀಗ ಹಾಕಲು ಯಾರಿಗೂ ಬರುತ್ತದೆ, ತೆಗೆಯಲು ಒಡೆಯನಿಗೆ ಮಾತ್ರ. ಆದರೆ ಈ ಲೆಕ್ಕಾಚಾರ ಬಲು ನಿಧಾನ. ಆದ್ದರಿಂದ 1991ರಲ್ಲಿ ಫಿಲ್ ಜಿಮ್ಮರ್‌ಮನ್ ಹೊರತಂದ ಪಿಜಿಪಿ ತಂತ್ರಾಂಶ ಎರಡನ್ನೂ ಬೆಸೆಯಿತು. ಸುದ್ದಿಗೆ ಒಂದೇ ಸಲ, ಹೊಸದೊಂದು ಕೀಲಿಯಿಂದ ಬೀಗ. ಆ ಪುಟ್ಟ ಕೀಲಿಯನ್ನಷ್ಟೇ ಪ್ರತಿಯೊಬ್ಬರ ಬೀಗದೊಳಗೆ ಇಟ್ಟು ಕಳಿಸುವುದು. 2048 ಬಿಟ್‌ನ ಆರ್‌ಎಸ್‌ಎ ಬೀಗವಾದರೆ ಒಂದೊಂದು ಪೊಟ್ಟಣ 256 ಬೈಟ್. ನೂರು ಜನಕ್ಕೆ 25,600 ಬೈಟ್. ಸುದ್ದಿ ಎಷ್ಟೇ ದೊಡ್ಡದಿರಲಿ, ಹೆಚ್ಚಿನ ಹೊರೆ ಇಷ್ಟೇ.

ಬಳಗದಿಂದ ಒಬ್ಬರು ಹೊರಹೋದರೆ? ಅವರ ಬಳಿಯೂ ಬಳಗದ ಕೀಲಿ ಉಳಿದಿರುತ್ತದೆ. ಅದನ್ನು ಬದಲಿಸಲೇಬೇಕು. 1024 ಜನರ ಬಳಗದಲ್ಲಿ ಹೊಸ ಕೀಲಿಗೆ 1023 ಪೊಟ್ಟಣ ಬೇಕು. 2023ರ ಜುಲೈನಲ್ಲಿ ಪ್ರಕಟವಾದ ಎಂಎಲ್‌ಎಸ್ ಎಂಬ ಅಂತರರಾಷ್ಟ್ರೀಯ ಮಾನದಂಡ ಇದಕ್ಕೊಂದು ಮರವನ್ನು ಬಳಸುತ್ತದೆ. ಸದಸ್ಯರು ಎಲೆಗಳು, ಎರಡೆರಡು ಕೂಡುವ ಪ್ರತಿ ಕವಲಿಗೂ ಒಂದು ಕೀಲಿ, ಅದು ಆ ಕವಲಿನವರಿಗಷ್ಟೇ ಗೊತ್ತು. ಎಲೆಯಿಂದ ಬುಡಕ್ಕೆ ಹತ್ತೇ ಮೆಟ್ಟಿಲು. ಹೋದವರಿಗೆ ತಿಳಿದಿದ್ದ ಕೀಲಿಗಳನ್ನು ಕೈಬಿಟ್ಟು, ಉಳಿದ ಕವಲುಗಳ ಮೂಲಕ ಹೊಸದನ್ನು ಹಂಚಿದರಾಯಿತು. ಮರ ತುಂಬಿದ್ದರೆ ಹತ್ತಿಪ್ಪತ್ತು ಪೊಟ್ಟಣ ಸಾಕು.

ಸದಸ್ಯರೊಬ್ಬರ ಫೋನು ಕಳ್ಳನ ಪಾಲಾದರೂ ಉಪಾಯ ಇದೇ. ಅದರಲ್ಲಿ ಉಳಿದ ಹಳೆಯ ಸುದ್ದಿಯನ್ನು ಕಾಪಾಡಲಾಗದು, ಮುಂದಿನದನ್ನು ಕಾಪಾಡಬಹುದು. ಆದರೆ ಕಳೆದುಹೋದದ್ದನ್ನು ಕೂಡಲೇ ಬಳಗಕ್ಕೆ ತಿಳಿಸಬೇಕು. ಯು-110 ಸೆರೆಯಾದದ್ದು ಯುದ್ಧಕಾಲದಲ್ಲಿ ಜರ್ಮನರಿಗೆ ತಿಳಿಯಲೇ ಇಲ್ಲ.